ಉತ್ಪಾದಕರ ಕಂಪನಿಗೆ ಡೈರೆಕ್ಟರ್ ಆಗ್ರಿ ಅಂತಾರ, ಸಹಿ ಮಾಡೂ ಮೊದಲ ಏನೇನು ನೋಡಬೇಕು?

ಇಂಡಿ_ಲಿಂಬಿತೋಟ:
ನಮ್ಮ ಇಂಡಿ ಕಡಿ ಲಿಂಬಿ ಬೆಳೆಗಾರರ ಎಫ್‌ಪಿಒ (ರೈತರೇ ಸೇರಿ ಕಟ್ಟಿದ ಉತ್ಪಾದಕರ ಕಂಪನಿ) ಒಳಗ ಡೈರೆಕ್ಟರ್ ಜಾಗ ಒಂದು ಖಾಲಿ ಅದ. "ಬರೇ ಹೆಸರಿಗೆ ಇರ್ರಿ, ಆಧಾರ್, ಪ್ಯಾನ್ ಕೊಡ್ರಿ" ಅಂತಾರ. ಕಂಪನಿ ಸಾಲ ತೀರಿಸಲಿಲ್ಲಂದ್ರ ನನ್ನ ಹೊಲಕ್ಕ ಬರ್ತದೇನು? ತಮ್ಮನ ಲಿಂಬಿ ದಲಾಲಿ ಅಂಗಡಿಯೊಳಗ ನಂದೂ ಪಾಲು ಅದ, ಅದಕ್ಕೇನರೆ ತೊಡಕು?

ಠರಾವು_ಬೆಳಗಾವಿ:
ಮೊದಲು ಅಂಗಡಿ ವಿಷಯ, ಯಾಕಂದ್ರ ಅದೇ ದೊಡ್ಡ ತೊಡಕು. ಕಂಪನಿಯ ವ್ಯವಹಾರಕ್ಕೆ ಎದುರಾಗುವ ವ್ಯಾಪಾರದಲ್ಲಿ ಹಿತಾಸಕ್ತಿ ಇದ್ದವರಿಗೆ ಉತ್ಪಾದಕರ ಕಂಪನಿಯಲ್ಲಿ ಸದಸ್ಯತ್ವವೇ ಇಲ್ಲ (2013ರ ಕಂಪನಿ ಕಾಯ್ದೆ, ಕಲಂ 378ಡಿ). ಕಂಪನಿಯೂ ಲಿಂಬಿ ಮಾರುತ್ತಿದ್ರ, ಪಾಲು ಬಿಟ್ಟ ಮೇಲೇ ಮುಂದಿನ ಮಾತು.

ಕಂಪನಿಯ ಸಾಲ ತಾನಾಗಿ ನಿಮ್ಮ ಹೊಲಕ್ಕೆ ಬರೂದಿಲ್ಲ. ಬರೂದು ವೈಯಕ್ತಿಕ ಜಾಮೀನಿಗೆ ಸಹಿ ಹಾಕಿದಾಗ. ಬ್ಯಾಂಕಿನ ಕಾಗದದ ಕಟ್ಟಿನಲ್ಲಿ ಅದೂ ಒಂದು ಹಾಳೆ ಇರಬಹುದು, ಓದಿ. ಚೆಕ್ಕಿಗೆ ಸಹಿ ಹಾಕೋರು ನೀವಾದ್ರ ಬೌನ್ಸ್ ಕೇಸಿನಲ್ಲಿ ನಿಮ್ಮ ಹೆಸರೂ ಬರತೈತಿ. ಕಾನೂನಿಗೆ ವಿರುದ್ಧದ ಠರಾವಿಗೆ ಕೈ ಎತ್ತಿದವರೆಲ್ಲ ನಷ್ಟ ತುಂಬಿಕೊಡಬೇಕು. ಒಪ್ಪಿಗೆ ಇಲ್ಲದಿದ್ರ ಸಭೆಯಲ್ಲಿ ಸುಮ್ಮನೆ ಕೂತು ಬರಬ್ಯಾಡ್ರಿ, ವಿರೋಧವನ್ನು ಪ್ರೊಸೀಡಿಂಗ್ ಬುಕ್ಕಿನಲ್ಲಿ ಬರೆಸಿ.

"ಹೆಸರಿಗೆ ಡೈರೆಕ್ಟರ್" ಅನ್ನೂದು ಕಾಯ್ದೆಯೊಳಗ ಇಲ್ಲ. ಮಂಡಳಿ 3 ತಿಂಗಳಿಗೊಮ್ಮೆಯಾದರೂ ಕೂಡಬೇಕು, ನೋಟಿಸು 7 ದಿನ ಮೊದಲು, ಕೋರಂ (ಸಭೆ ನಡೆಸೋಕ ಇರಬೇಕಾದ ಡೈರೆಕ್ಟರ್‌ಗಳು) ಮೂರನೇ ಒಂದು ಭಾಗ, 3 ಜನಕ್ಕಿಂತ ಕಡಿಮೆ ಆಗಬಾರದು. 12 ತಿಂಗಳು ಒಂದೂ ಸಭೆಗೆ ಹೋಗದಿದ್ರ ಹುದ್ದೆ ತಾನಾಗೇ ಹೋಗತೈತಿ.

ತಾಳೆಪಟ್ಟಿ_ಬಾಗಲಕೋಟ:
ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ ಕಂಪನಿಯ ಮಾಸ್ಟರ್ ಡೇಟಾ (ಮೂಲ ವಿವರ) ತೆಗೆದು ಕೊನೆಯ ವಾರ್ಷಿಕ ಸಭೆ, ಕೊನೆಯ ಬ್ಯಾಲೆನ್ಸ್ ಶೀಟಿನ ತಾರೀಖು ನೋಡಿ. ಲೆಕ್ಕ (ಎಒಸಿ-4 ಫಾರ್ಮ್) ವಾರ್ಷಿಕ ಸಭೆಯಾದ ಮೇಲೆ ಗಡುವಿನೊಳಗೆ, ವಾರ್ಷಿಕ ರಿಟರ್ನ್ ಸಭೆಯಾದ 60 ದಿನದೊಳಗೆ ಹೋಗಬೇಕು. ತಪ್ಪಿದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ, ಅಂದರೆ ವರ್ಷ ಕಳೆದರೆ ಎರಡಕ್ಕೂ ಕೂಡಿ 73,000. ಸತತ 3 ವರ್ಷ ಸಲ್ಲಿಸದಿದ್ದರೆ ಡೈರೆಕ್ಟರ್‌ಗಳು 5 ವರ್ಷ ಅನರ್ಹ, ಬೇರೆ ಕಂಪನಿಯಲ್ಲೂ ಆಗೋಕೆ ಬರಲ್ಲ.

ಆಮೇಲೆ ಉದ್ರಿ ಪಟ್ಟಿ ಕೇಳಿ. ಗೊಬ್ಬರ, ಔಷಧ ಉದ್ರಿ ಕೊಟ್ಟು ವಸೂಲಿ ಮಾಡದಿದ್ದರೆ ಕಾಗದದ ಮೇಲೆ ಲಾಭ ಇರುತ್ತದೆ, ಬ್ಯಾಂಕಿನಲ್ಲಿ ದುಡ್ಡಿರಲ್ಲ. ಪಟ್ಟಿಯಲ್ಲಿ ಡೈರೆಕ್ಟರ್‌ಗಳದೇ ಹೆಸರಿದ್ದರೆ ಇನ್ನೂ ಕಷ್ಟ: ಕಂಪನಿ ಪಡೆದ ಸಾಲ 90 ದಿನ ಸುಸ್ತಿಯಾದರೂ, ಡೈರೆಕ್ಟರ್ ಕಂಪನಿಯಿಂದ ಪಡೆದದ್ದನ್ನು ತೀರಿಸದಿದ್ದರೂ ಹುದ್ದೆ ಹೋಗುತ್ತದೆ.

ಡಿಜಿಟಲ್ ಸಹಿಯ ಟೋಕನ್ನನ್ನು (ಪೆನ್‌ಡ್ರೈವ್‌ನಂಥ ಸಾಧನ) ಆಡಿಟರ್ ಆಫೀಸಿನ ಡ್ರಾದಲ್ಲಿ ಬಿಟ್ಟು ಬರಬೇಡಿ. ಅದರಿಂದ ಬಿದ್ದ ಸಹಿಯೆಲ್ಲ ನಿಮ್ಮದೇ.

ಇಂಡಿ_ಲಿಂಬಿತೋಟ:
ಪಾಲು ಬಿಡೂದು ಆದೀತು ರೀ. ನಡುವೆ ಬ್ಯಾಡ ಅನ್ನಿಸಿದ್ರ?

ಠರಾವು_ಬೆಳಗಾವಿ:
ರಾಜೀನಾಮೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಇಟ್ಕೊಳ್ರಿ. ಕಂಪನಿ 30 ದಿನದೊಳಗೆ ಅದನ್ನ ತಿಳಿಸೂ ಡಿಐಆರ್-12 ಫಾರ್ಮ್ ಸಲ್ಲಿಸಬೇಕು. ಎಳೆದಾಡಿದ್ರ ಡಿಐಆರ್-11 ಫಾರ್ಮ್ ನೀವೇ ಸಲ್ಲಿಸಬಹುದು. ನೀವು ಇದ್ದ ಅವಧಿಯ ತಪ್ಪಿನ ಹೊಣೆ ಮಾತ್ರ ಬಿಟ್ಟು ಬಂದರೂ ನಿಮ್ಮ ಮ್ಯಾಲೇ ಇರತೈತಿ.