ಸಹಾಯ ಬೇಕು: ಮುಂದೆ ಒಂದೇ ಚೈನ್‌ರಿಂಗ್ ಇರೋ ಸೈಕ್ಲೋಕ್ರಾಸ್ ಸೈಕಲ್ ರೋಡ್‌ಗೆ ಆಗುತ್ತಾ?

ನಮಸ್ಕಾರ ಎಲ್ಲರಿಗೂ. ನಾನು ವಿಜಯಪುರದವನು. ನನ್ನ ಹತ್ತಿರ ಇರೋದು ಒಂದೇ ಸೈಕಲ್, ಸೈಕ್ಲೋಕ್ರಾಸ್ (ಮಣ್ಣು, ಕೆಸರಿನ ದಾರಿಯ ರೇಸ್ ಸೈಕಲ್). ಮುಂದಿನ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲಿನ ಚಕ್ರ) 40 ಹಲ್ಲಿನದು, ಹಿಂದೆ 11-42 ಕ್ಯಾಸೆಟ್ (11ರಿಂದ 42 ಹಲ್ಲಿನವರೆಗಿನ ಗೇರ್ ಚಕ್ರಗಳ ಗುಚ್ಛ), 11 ಸ್ಪೀಡ್. ಹೊಲದ ದಾರಿಗೆ ಬಹಳ ಚೆನ್ನಾಗಿದೆ. ಈಗ ಬೆಳಗ್ಗೆ ಗೆಳೆಯರ ಜೊತೆ ಬಾಗಲಕೋಟೆ ರಸ್ತೆಯಲ್ಲಿ ಹೋಗ್ತಿದ್ದೇನೆ, ಅಲ್ಲೇ ತೊಂದರೆ.

ಟಾಪ್ ಸ್ಪೀಡ್ ಸಮಸ್ಯೆ ಅಲ್ಲ. 40-11ರಲ್ಲಿ ನಿಮಿಷಕ್ಕೆ 90 ಸಲ ಪೆಡಲ್ ತುಳಿದರೆ ಗಂಟೆಗೆ 41-42 ಕಿ.ಮೀ. ಬರುತ್ತೆ, ನನಗೆ ಅಷ್ಟು ಸಾಕು. ಕಷ್ಟ ಇರೋದು ನಡುವಿನ ಗೇರ್‌ಗಳಲ್ಲಿ. ಗುಂಪು 33ರ ವೇಗದಲ್ಲಿ ಎದುರುಗಾಳಿಗೆ ಹೋಗುವಾಗ 15ರ ಹಲ್ಲಿನಲ್ಲಿ ಕಾಲು ಸುಮ್ನೆ ತಿರುಗಿದ ಹಾಗೆ ಅನಿಸುತ್ತೆ, 13ಕ್ಕೆ ಹಾಕಿದರೆ ಮೊಣಕಾಲಿಗೆ ಭಾರ ಬೀಳುತ್ತೆ, ಮಧ್ಯೆ 14 ಇಲ್ಲವೇ ಇಲ್ಲ!

11-28 ಕ್ಯಾಸೆಟ್ ಹಾಕಿದರೆ 12, 14 ಎರಡೂ ಸಿಗುತ್ತವೆ. ನಮ್ಮದು ಬಯಲುಸೀಮೆ, 42ರ ಹಲ್ಲು ರೋಡ್‌ನಲ್ಲಿ ಬೇಕಾಗೋದೇ ಇಲ್ಲ ಅಲ್ವಾ. ಆದರೆ ಈಗಿರೋ ಉದ್ದ ಕೇಜಿನ ಡಿರೇಲರ್ (ಗೇರ್ ಬದಲಿಸುವಾಗ ಚೈನ್ ಸರಿಸೋ ಭಾಗ) ಅದಕ್ಕೆ ಸರಿಯಾಗಿ ಕೂರುತ್ತಾ? ಚೈನ್ ಎಷ್ಟು ಕೊಂಡಿ ಕಡಿಮೆ ಮಾಡಬೇಕು? 33 ಎಂ.ಎಂ. ಅಗಲದ ಉಬ್ಬುಗಳಿರೋ ಟೈರ್ ತೆಗೆದು 28ರ ನುಣುಪು ಟೈರ್ ಹಾಕೋದಂತೂ ಖಚಿತ.

ಇದನ್ನು ಮಾಡಿ ನೋಡಿದವರು ದಯವಿಟ್ಟು ಹೇಳಿ. ಇನ್ನೊಂದು ಸೈಕಲ್ ಕೊಳ್ಳೋಕೆ ಸದ್ಯ ದುಡ್ಡಿಲ್ಲ, ಈ ಸೈಕಲ್ ಮೇಲೆ ಪ್ರೀತಿನೂ ಜಾಸ್ತಿ.