ಪೌ ಕುಬಾರ್ಸಿ: ಬಾರ್ಸಾ ಗೋಲು ಬಿಟ್ಟಾಗಲೆಲ್ಲ ಅವನದೇ ತಪ್ಪಾ? (ಫುಟ್‌ಬಾಲ್ ಚರ್ಚೆ; ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು)

ಮಧ್ಯರಾತ್ರಿ ಮ್ಯಾಚ್

ಡಿಫೆನ್ಸ್ ಆಟ ಚೆನ್ನಾಗಿ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಪೌ ಕುಬಾರ್ಸಿ 2007ರ ಜನವರಿ 22ಕ್ಕೆ ಹುಟ್ಟಿದ ಹುಡುಗ. ಹದಿನೇಳು ತುಂಬೋಕೆ ನಾಲ್ಕು ದಿನ ಇರುವಾಗಲೇ ಬಾರ್ಸಿಲೋನಾ (ಬಾರ್ಸಾ) ಸೀನಿಯರ್ ತಂಡಕ್ಕೆ ಇಳಿದ. 2024ರ ಮಾರ್ಚ್ 12ಕ್ಕೆ ನಾಪೋಲಿ ಮೇಲೆ ಚಾಂಪಿಯನ್ಸ್ ಲೀಗ್‌ನಲ್ಲಿ (ಯುರೋಪಿನ ದೊಡ್ಡ ಕ್ಲಬ್‌ಗಳ ಟೂರ್ನಿ) ಅವನ ಮೊದಲ ಪಂದ್ಯ, ಅದರಲ್ಲೇ ಪ್ಲೇಯರ್ ಆಫ್ ದ ಮ್ಯಾಚ್. ಪುಯೋಲ್, ಪಿಕೆ ಆದಮೇಲೆ ಕ್ಲಬ್‌ನದೇ ತರಬೇತಿ ಶಾಲೆ ಲಾ ಮಾಸಿಯಾದಿಂದ ಒಬ್ಬ ಸೆಂಟರ್ ಬ್ಯಾಕ್ (ಡಿಫೆನ್ಸ್‌ನ ನಡುವೆ ಆಡೋನು) ಬಂದ ಅಂತ ಎಲ್ಲರಿಗೂ ಖುಷಿಯೋ ಖುಷಿ.

ಆಮೇಲೆ 2025ರ ಮಾರ್ಚ್ 5ಕ್ಕೆ ಬೆನ್ಫಿಕಾ ಮೇಲೆ 22ನೇ ನಿಮಿಷಕ್ಕೇ ರೆಡ್ ಕಾರ್ಡ್. ಮೇ 6ಕ್ಕೆ ಇಂಟರ್ ಮೇಲಿನ ಸೆಮಿಫೈನಲ್‌ನಲ್ಲಿ ಅವನ ಟ್ಯಾಕಲ್‌ಗೆ ಪೆನಾಲ್ಟಿ. ಈಗ ಚೆಂಡು ಹಿಂದೆ ಬಿದ್ದಾಗಲೆಲ್ಲ ‘ಹುಡುಗನಿಗೆ ಓಟ ಇಲ್ಲ’ ಅನ್ನೋ ಮಾತು. ನಿಜಕ್ಕೂ ಓಟದ ಕೊರತೆಯಾ, ಇಲ್ಲಾ ಕೋಚ್ ಫ್ಲಿಕ್ ನಿಲ್ಲಿಸೋ ಹೈ ಲೈನ್‌ನ (ಡಿಫೆಂಡರ್‌ಗಳನ್ನ ಗೋಲಿನಿಂದ ದೂರ, ಮೈದಾನದ ನಡುವಿನತ್ತ ನಿಲ್ಲಿಸೋದು) ಬೆಲೆಯಾ? ಟಿವಿಯಲ್ಲಿ ನೋಡುವಾಗ ಅವನ ಆಟವನ್ನ ಅಳೆಯೋದು ಹೇಗೆ?

ಆಫ್‌ಸೈಡ್ ಗೆರೆ

ಮೊದಲು ಜಾಗದ ಲೆಕ್ಕ ನೋಡಿ. ಮೈದಾನ 105 ಮೀಟರ್ ಉದ್ದ. ಫ್ಲಿಕ್ ಅವರ ನಾಲ್ವರು ಡಿಫೆಂಡರ್‌ಗಳು ಎಷ್ಟೋ ಸಲ ಸೆಂಟರ್ ಲೈನ್‌ಗೆ ಹತ್ತು ಮೀಟರ್ ಹತ್ತಿರ ನಿಂತಿರುತ್ತಾರೆ. ಅಂದರೆ ಬೆನ್ನ ಹಿಂದೆ ನಲವತ್ತು ಮೀಟರ್ ಖಾಲಿ. ಅಷ್ಟು ಜಾಗದಲ್ಲಿ ರಿಯಲ್ ಮ್ಯಾಡ್ರಿಡ್‌ನ ಸ್ಟ್ರೈಕರ್ ಎಂಬಪೆಯಂಥವನ ಜೊತೆ ಓಡಿ ಗೆಲ್ಲುವ ಸೆಂಟರ್ ಬ್ಯಾಕ್ ಜಗತ್ತಿನಲ್ಲೇ ಬೆರಳೆಣಿಕೆ. ಆದ್ದರಿಂದ ಈ ಪದ್ಧತಿಯಲ್ಲಿ ಗೆಲ್ಲಬೇಕಾದ್ದು ಓಟದಿಂದ ಅಲ್ಲ, ಚೆಂಡು ಒದೆಯುವ ಆ ಗಳಿಗೆಯಿಂದ. ಆಫ್‌ಸೈಡ್ ನಿರ್ಧಾರ ಆಗುವುದು ಪಾಸ್ ಕೊಡುವವನ ಕಾಲು ಚೆಂಡಿಗೆ ತಾಗಿದ ಕ್ಷಣ ಯಾರು ಎಲ್ಲಿದ್ದರು ಅನ್ನುವುದರ ಮೇಲೆ: ಆ ಕ್ಷಣ ನಮ್ಮ ಕೊನೆಯ ಡಿಫೆಂಡರ್‌ಗಿಂತ ಗೋಲಿಗೆ ಹತ್ತಿರ ಇದ್ದವನು ಪಾಸ್ ತೆಗೆದುಕೊಂಡರೆ ಆಫ್‌ಸೈಡ್.

ಡಿಫೆಂಡರ್‌ಗಳು ಓದುವ ಸೂಚನೆ ಚೆಂಡು ಇಟ್ಟುಕೊಂಡವನ ಮೈ. ಅವನು ನಮ್ಮ ಗೋಲಿಗೆ ಬೆನ್ನು ಹಾಕಿದ್ದರೆ, ತಲೆ ತಗ್ಗಿಸಿದ್ದರೆ, ಅಥವಾ ಯಾರಾದರೂ ಅವನ ಮೈಮೇಲೆ ಬಿದ್ದಿದ್ದರೆ ನಾಲ್ವರೂ ಒಟ್ಟಿಗೆ ಎರಡು ಹೆಜ್ಜೆ ಮುಂದೆ. ಅವನು ತಲೆ ಎತ್ತಿ, ಮುಂದೆ ಮುಖ ಮಾಡಿ, ಒದೆಯಲು ಕಾಲು ಹಿಂದೆ ತೆಗೆದಿದ್ದರೆ, ಹತ್ತಿರ ನಮ್ಮವರು ಯಾರೂ ಇಲ್ಲದಿದ್ದರೆ, ಕೂಡಲೇ ಅಡ್ಡ ತಿರುಗಿ ಹಿಂದಕ್ಕೆ ಓಡಬೇಕು. 2024ರ ಅಕ್ಟೋಬರ್ 26ಕ್ಕೆ ತನ್ನದೇ ಮೈದಾನ ಬೆರ್ನಬೇವುನಲ್ಲಿ ರಿಯಲ್ ಮ್ಯಾಡ್ರಿಡ್ 12 ಸಲ ಆಫ್‌ಸೈಡ್ ಆಯಿತು, ಅದರಲ್ಲಿ 8 ಸಲ ಎಂಬಪೆ ಒಬ್ಬನೇ. ಆ 4-0 ಗೆಲುವಿನಲ್ಲಿ ಲೈನ್‌ನ ನಡುವೆ ನಿಂತಿದ್ದವರು ಕುಬಾರ್ಸಿ ಮತ್ತು ಇನಿಗೊ ಮಾರ್ಟಿನೆಜ್.

ಲೈನ್ ಮುರಿಯುವುದು ಎಲ್ಲಿ ಅಂದರೆ, ಹೆಚ್ಚಾಗಿ ಮುಂದೆ. ಸ್ಟ್ರೈಕರ್ ಮತ್ತು ವಿಂಗರ್‌ಗಳು ಒತ್ತುವುದು ಒಂದು ಸೆಕೆಂಡ್ ತಡವಾದರೂ ಎದುರಾಳಿ ಮಿಡ್‌ಫೀಲ್ಡರ್‌ಗೆ ನೋಡಿ ಪಾಸ್ ಕೊಡುವಷ್ಟು ಸಮಯ ಸಿಕ್ಕಿತು. ಎರಡನೆಯದು, ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್) ಅರ್ಧ ಮೀಟರ್ ಹಿಂದೆ ಉಳಿದರೆ ಸಾಕು, ಇಡೀ ಲೈನ್ ವ್ಯರ್ಥ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಸ್ಟ್ರೈಕರ್ ಆಫ್‌ಸೈಡ್‌ನಲ್ಲೇ ನಿಂತು ಸುಮ್ಮನಿರುತ್ತಾನೆ, ಹಿಂದಿನಿಂದ ಮಿಡ್‌ಫೀಲ್ಡರ್ ಓಡಿ ಬರುತ್ತಾನೆ. ಸೆಂಟರ್ ಬ್ಯಾಕ್ ನಿಂತಲ್ಲೇ ಇದ್ದಾಗ ಅವನು ಆಗಲೇ ಪೂರ್ತಿ ವೇಗದಲ್ಲಿರುತ್ತಾನೆ. ರೀಪ್ಲೇಯಲ್ಲಿ ‘ಕುಬಾರ್ಸಿಯನ್ನು ಓಡಿ ಸೋಲಿಸಿದ’ ಅಂತ ಕಾಣುವ ಹಲವು ಗೋಲುಗಳ ಕಥೆ ಇದೇ.

ಇನಿಗೊ ಮಾರ್ಟಿನೆಜ್ 2025ರ ಆಗಸ್ಟ್‌ನಲ್ಲಿ ಸೌದಿ ಕ್ಲಬ್ ಅಲ್ ನಸ್ರ್‌ಗೆ ಹೋದದ್ದನ್ನು ಇದರ ಜೊತೆ ಸೇರಿಸಿ ನೋಡಿ. ಲೈನ್‌ಗೆ ‘ಮುಂದೆ’, ‘ಹಿಂದೆ’ ಅಂತ ಕೂಗುತ್ತಿದ್ದ ಅನುಭವಿ ಅವರು, ಎಡಗಾಲಿನವರು ಕೂಡ. ಹದಿನೆಂಟರ ಹುಡುಗ ಆ ಕೂಗನ್ನು ತಾನೇ ಕಲಿಯಬೇಕಾಗಿ ಬಂತು. ನನ್ನ ಪ್ರಕಾರ ಅವನ ಮುಂದಿರುವ ಅತಿ ದೊಡ್ಡ ಪಾಠ ಇದು, ಓಟ ಅಲ್ಲ.

ಕರಿ ಸೀಟಿ

ರೆಡ್ ಕಾರ್ಡ್ ಮತ್ತು ಪೆನಾಲ್ಟಿ ಬಗ್ಗೆ ಹೇಳುತ್ತೇನೆ, ಎರಡೂ ಬೇರೆ ಬೇರೆ ತಪ್ಪು.

ಬೆನ್ಫಿಕಾ ಪಂದ್ಯದಲ್ಲಿ ಅವರ ಸ್ಟ್ರೈಕರ್ ಪಾವ್ಲಿಡಿಸ್ ಒಬ್ಬನೇ ಗೋಲಿನತ್ತ ನುಗ್ಗುತ್ತಿದ್ದ, ಕುಬಾರ್ಸಿಯೇ ಕೊನೆಯ ಡಿಫೆಂಡರ್, ಫೌಲ್ ಆದದ್ದು ಪೆನಾಲ್ಟಿ ಬಾಕ್ಸ್‌ನ ಹೊರಗೆ. ರೆಫರಿ ನೋಡುವುದು ನಾಲ್ಕು ವಿಷಯ: ಗೋಲಿಗೆ ಎಷ್ಟು ದೂರ, ಆಟ ಯಾವ ದಿಕ್ಕಿಗೆ ಸಾಗುತ್ತಿತ್ತು, ಚೆಂಡು ಅವನ ಹಿಡಿತಕ್ಕೆ ಸಿಗುತ್ತಿತ್ತಾ, ಬೇರೆ ಡಿಫೆಂಡರ್‌ಗಳು ಎಷ್ಟು ಜನ, ಎಲ್ಲಿ. ನಾಲ್ಕೂ ಎದುರಾಳಿ ಪರವಾಗಿದ್ದರೆ ನೇರ ರೆಡ್. ಬಾಕ್ಸ್ ಒಳಗಾದರೆ, ಚೆಂಡಿಗಾಗಿಯೇ ಕಾಲು ಹಾಕಿದ್ದಾದರೆ, ಪೆನಾಲ್ಟಿ ಜೊತೆ ಹಳದಿ ಕಾರ್ಡ್ ಮಾತ್ರ. ಎಳೆದರೆ, ತಳ್ಳಿದರೆ ಒಳಗೂ ರೆಡ್ಡೇ.

22ನೇ ನಿಮಿಷ, ಸ್ಕೋರ್ 0-0. ಅಲ್ಲಿ ಸರಿಯಾದ ಆಯ್ಕೆ ಗೋಲ್‌ಕೀಪರ್‌ನನ್ನು ನಂಬುವುದು. ಒಂದು ಗೋಲು ಬಿದ್ದರೂ ಹನ್ನೊಂದು ಜನರೊಂದಿಗೆ 68 ನಿಮಿಷ ಕೈಯಲ್ಲಿರುತ್ತದೆ. ನಮ್ಮ ಗೋಲ್‌ಕೀಪರ್ ಶ್ಟೆನ್ಸ್ನಿ ಅದ್ಭುತವಾಗಿ ತಡೆದರು, 61ನೇ ನಿಮಿಷಕ್ಕೆ ನಮ್ಮ ವಿಂಗರ್ ರಫೀನ್ಯ ಗೋಲು ಹೊಡೆದರು, ಹತ್ತು ಜನರೇ 1-0 ಗೆದ್ದರು. ಫಲಿತಾಂಶ ಚೆನ್ನಾಗಿತ್ತು ಅಂತ ಆ ನಿರ್ಧಾರ ಸರಿಯಾಗುವುದಿಲ್ಲ.

ಇಂಟರ್ ಪಂದ್ಯದಲ್ಲಿ ಅವರ ಸ್ಟ್ರೈಕರ್ ಲೌಟಾರೊ ಮಾರ್ಟಿನೆಜ್ ಮೇಲೆ ಬಾಕ್ಸ್ ಒಳಗೆ ಜಾರಿ ಹಾಕಿದ ಟ್ಯಾಕಲ್, ವಿಎಆರ್ (ರೆಫರಿಯ ವಿಡಿಯೊ ನೆರವು) ನೋಡಿ ಕೊಟ್ಟ ಪೆನಾಲ್ಟಿ, ಇಂಟರ್‌ನ ಚಾಲ್ಹಾನೊಲು ಗೋಲು. ಜಾರುವುದರ ತೊಂದರೆ ಏನೆಂದರೆ, ಒಮ್ಮೆ ನೆಲಕ್ಕೆ ಬಿದ್ದ ಮೇಲೆ ಎರಡನೇ ಅವಕಾಶ ಇಲ್ಲ. ಕಲಿಸುವ ಕ್ರಮ ಹೀಗೆ: ಸುಮಾರು ಒಂದೂವರೆ ಮೀಟರ್ ಅಂತರ ಬಿಡು, ಮೈ ಅಡ್ಡ ತಿರುಗಿಸಿ ಬಗ್ಗು, ಅವನನ್ನು ಹೊರಗಿನ ಅಂಚಿಗೆ ಅಥವಾ ಅವನ ದುರ್ಬಲ ಕಾಲಿಗೆ ಸರಿಸು, ಚೆಂಡು ಅವನ ಕಾಲಿಂದ ಸ್ವಲ್ಪ ದೂರ ಹೋದಾಗ ಮಾತ್ರ ಕಾಲು ಹಾಕು. ಎದುರಾಳಿಯನ್ನು ಎರಡು ಸೆಕೆಂಡ್ ತಡೆದರೂ ಸಾಕು, ಜೊತೆಯವನು ಹಿಂದೆ ಬಂದು ಸೇರುತ್ತಾನೆ.

ಹಿಂದಿನಿಂದ ಶುರು

ಎಲ್ಲರೂ ತಡೆಯುವುದರ ಬಗ್ಗೆಯೇ ಬರೆದಿದ್ದೀರಿ. ಅವನನ್ನು ಬೇರೆಯವರಿಗಿಂತ ಎತ್ತರದಲ್ಲಿ ನಿಲ್ಲಿಸುವುದು ಚೆಂಡು ಕಾಲಿಗೆ ಬಂದಾಗಿನ ಆಟ.

ಪಾಸ್ ಬರುವ ಮೊದಲು ಅವನು ಎಡಕ್ಕೆ, ಬಲಕ್ಕೆ ಹೆಗಲ ಮೇಲಿಂದ ನೋಡುತ್ತಾನೆ. ಚೆಂಡು ಸಿಕ್ಕಿದಾಗ ಮೈ ಅರ್ಧ ತೆರೆದಿರುತ್ತದೆ, ದೂರದ ಕಾಲಿನಲ್ಲಿ ಚೆಂಡು ನಿಲ್ಲಿಸುತ್ತಾನೆ. ಹಾಗಾಗಿ ಮೊದಲ ಸ್ಪರ್ಶಕ್ಕೇ ಮುಂದೆ ನೋಡಲು ಆಗುತ್ತದೆ. ಆಮೇಲೆ ಪಾಸ್ ಕೊಡದೆ ಚೆಂಡನ್ನು ತಾನೇ ಹತ್ತು ಹದಿನೈದು ಮೀಟರ್ ಮುಂದೆ ಒಯ್ಯುತ್ತಾನೆ. ಎದುರಾಳಿಯ ಒಬ್ಬ ಅವನನ್ನು ತಡೆಯಲು ಜಾಗ ಬಿಟ್ಟು ಬರಲೇಬೇಕು. ಬಂದ ಕೂಡಲೇ ಆ ಖಾಲಿ ಜಾಗದಲ್ಲಿರುವ ಮಿಡ್‌ಫೀಲ್ಡರ್ ಪೆದ್ರಿಗೋ ಇನ್ನೊಬ್ಬರಿಗೋ ನೆಲಕ್ಕಂಟಿದ ಗಟ್ಟಿ ಪಾಸ್. ಒಂದೇ ಪಾಸಿಗೆ ನಾಲ್ಕೈದು ಜನ ಹಿಂದೆ ಬಿದ್ದರು. ಇದು ಅಂಕಿ ಪಟ್ಟಿಯಲ್ಲಿ ಅಸಿಸ್ಟ್ (ಗೋಲಿಗೆ ಮೊದಲಿನ ಕೊನೆಯ ಪಾಸ್) ಅಂತ ಬರುವುದಿಲ್ಲ, ಆದರೆ ಗೋಲಿನ ಬೇರು ಅಲ್ಲೇ ಇರುತ್ತದೆ.

ಫ್ಲಿಕ್‌ಗೆ ಮೊದಲಿನ ಕೋಚ್ ಚಾವಿ ಕಾಲದಲ್ಲಿ ಇನ್ನೊಬ್ಬ ಸೆಂಟರ್ ಬ್ಯಾಕ್ ಅರಾಊಹೊ ಬಲಕ್ಕೆ ನಿಂತಾಗ ಕುಬಾರ್ಸಿ ಎಡಕ್ಕೆ ಆಡಿದ್ದ. ಬಲಗಾಲಿನವನು ಎಡಕ್ಕೆ ನಿಂತರೆ ಹೊರಗಿನ ವಿಂಗರ್‌ಗೆ ಪಾಸ್ ಕೊಡುವಾಗ ಚೆಂಡು ಒಳಗೆ ತಿರುಗಿಸಿಕೊಳ್ಳಬೇಕು, ಅರ್ಧ ಸೆಕೆಂಡ್ ಹೋಗುತ್ತದೆ, ಎದುರಾಳಿ ಆ ಅರ್ಧ ಸೆಕೆಂಡಿಗೇ ಕಾಯುತ್ತಿರುತ್ತಾನೆ. ಎಡಗಾಲಿನ ಜೊತೆಗಾರ ಇದ್ದರೆ ಇವನನ್ನು ಬಲಕ್ಕೇ ಬಿಡಬಹುದು. ಹೊಸ ಡಿಫೆಂಡರ್ ತರುವುದಾದರೆ ನಾನು ನೋಡುವುದು ಇದೊಂದನ್ನೇ.

 

ಮೊಣಕಾಲು ಜೋಪಾನ

ನನಗೆ ಭಯ ಇರುವುದು ಬೇರೆ ಕಡೆ. 2024-25ರಲ್ಲಿ ಕ್ಲಬ್‌ಗೇ ಐವತ್ತಕ್ಕೂ ಹೆಚ್ಚು ಪಂದ್ಯ ಆಡಿದ್ದಾನೆ, ಅದಕ್ಕೆ ಮೊದಲಿನ ಬೇಸಿಗೆಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ. ಇದೇ ಕ್ಲಬ್‌ನಲ್ಲಿ ಅನ್ಸು ಫಾಟಿಗೆ 2020ರ ನವೆಂಬರ್‌ನಲ್ಲಿ, ಹದಿನೆಂಟಕ್ಕೇ, ಮೊಣಕಾಲಿನ ಮೆನಿಸ್ಕಸ್ (ಮೂಳೆಗಳ ನಡುವಿನ ಮೃದು ಪದರ) ಹರಿಯಿತು. ಪೆದ್ರಿ 2020-21ರಲ್ಲಿ ಕ್ಲಬ್, ದೇಶ ಸೇರಿ 73 ಪಂದ್ಯ ಆಡಿ, ನಂತರ ತೊಡೆಯ ಸ್ನಾಯು ನೋವಿನಲ್ಲಿ ಎಷ್ಟೋ ತಿಂಗಳು ಕಳೆದ. ಗವಿಗೆ 2023ರ ನವೆಂಬರ್‌ನಲ್ಲಿ ಎಸಿಎಲ್ (ಮೊಣಕಾಲಿನ ಅಸ್ಥಿರಜ್ಜು) ಹರಿಯಿತು. ಹೈ ಲೈನ್ ಸೆಂಟರ್ ಬ್ಯಾಕ್ ಪಂದ್ಯದುದ್ದಕ್ಕೂ ತಿರುಗಿ ಪೂರ್ತಿ ವೇಗದಲ್ಲಿ ಓಡಬೇಕು; ದಣಿದ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿ ಸ್ನಾಯು) ಹರಿಯುವುದು ಆ ತಿರುಗುವಿಕೆಯಲ್ಲೇ. ಲೀಗ್‌ನಲ್ಲಿ 3-0 ಮುಂದಿದ್ದಾಗ 60ನೇ ನಿಮಿಷಕ್ಕೆ ಹೊರಗೆ ಕರೆಯುವ ಧೈರ್ಯ ಕೋಚ್‌ಗೆ ಬೇಕು.

ಇನ್ನೊಂದು, ಕಾರ್ನರ್. ಇಂಟರ್ ಜೊತೆಗಿನ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ (3-3) ಅವರ ಡಂಫ್ರೀಸ್‌ನ ಎರಡೂ ಗೋಲು ಕಾರ್ನರ್‌ನಿಂದಲೇ ಬಂದವು. ಕುಬಾರ್ಸಿ 1.84 ಮೀಟರ್, ಈ ಜಾಗಕ್ಕೆ ತೀರಾ ಎತ್ತರ ಅಲ್ಲ. ಸೀನಿಯರ್ ತಂಡಕ್ಕೆ ಅವನ ಮೊದಲ ಗೋಲು ಹೆಡರ್: 2025ರ ಫೆಬ್ರವರಿ 25, ಅಟ್ಲೆಟಿಕೊ ಜೊತೆ 4-4, ರಫೀನ್ಯ ಕಾರ್ನರ್. ಅಂದರೆ ಓಡಿ ಬಂದು ಜಿಗಿದಾಗ ಸಮಯ ಸರಿಯಾಗಿದೆ. ನಿಂತಲ್ಲಿಂದಲೇ, ಮೈಗೆ ಮೈ ತಾಗಿಸಿಕೊಂಡು ಜಿಗಿಯುವುದಕ್ಕೆ ಸೊಂಟ, ತೊಡೆಯ ಬಲ ಬೇಕು. ಅದು ವಯಸ್ಸಿನೊಂದಿಗೆ, ಜಿಮ್‌ನೊಂದಿಗೆ ಬರುತ್ತದೆ.

ಮಧ್ಯರಾತ್ರಿ ಮ್ಯಾಚ್

ತುಂಬಾ ಉಪಕಾರ ಆಯ್ತು. ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತಲ್ಲ, ಇದನ್ನೆಲ್ಲ ನೋಡೋದು ಹೇಗೆ?

ಆಫ್‌ಸೈಡ್ ಗೆರೆ

ಮೊದಲ ಹದಿನೈದು ನಿಮಿಷ ಚೆಂಡು ಬಿಟ್ಟುಬಿಡಿ. ಬಾರ್ಸಾ ಚೆಂಡು ಕಳೆದುಕೊಂಡ ಕೂಡಲೇ ಪರದೆಯ ಹಿಂಬದಿ ಅಂಚಿಗೆ ಕಣ್ಣು ಹಾಕಿ. ಕುಬಾರ್ಸಿ ಕೈ ಎತ್ತಿ ಲೈನ್ ಕರೆಯುತ್ತಿದ್ದಾನಾ, ಅಥವಾ ಪಕ್ಕದವನನ್ನು ನೋಡಿ ಹಿಂಬಾಲಿಸುತ್ತಿದ್ದಾನಾ ಅನ್ನುವುದನ್ನು ಎಣಿಸಿ. ಗೋಲು ಬಿದ್ದರೆ ರೀಪ್ಲೇಯಲ್ಲಿ ಪಾಸ್ ಒದ್ದ ಕ್ಷಣಕ್ಕೆ ನಿಲ್ಲಿಸಿ, ಒದ್ದವನಿಂದ ಹತ್ತಿರದ ಬಾರ್ಸಾ ಆಟಗಾರ ಎಷ್ಟು ದೂರ ಇದ್ದ ನೋಡಿ. ಮೂರು ಮೀಟರ್‌ಗಿಂತ ಹೆಚ್ಚಿದ್ದರೆ ತಪ್ಪು ಹುಡುಕಬೇಕಾದ್ದು ಮುಂದಿನ ಸಾಲಿನಲ್ಲಿ. ಚಳಿಗಾಲದಲ್ಲಿ ಸ್ಪೇನ್‌ನ ರಾತ್ರಿ 9ರ ಪಂದ್ಯ ನಮಗೆ ಬೆಳಗಿನ ಜಾವ 1.30ಕ್ಕೆ, ಮಾರ್ಚ್ ಕೊನೆಯಿಂದ 12.30ಕ್ಕೆ. ಮರುದಿನ ಪೂರ್ತಿ ರೆಕಾರ್ಡಿಂಗ್ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಇನ್ನೂ ಒಳ್ಳೆಯದು. ಹೈಲೈಟ್ಸ್‌ನಲ್ಲಿ ಇದ್ಯಾವುದೂ ಸಿಗುವುದಿಲ್ಲ.