ಸಹಾಯ ಬೇಕು: ಹೊಸ ರಿವಾಲ್ವರ್ ನಂಬೋಕೆ ಮುಂಚೆ ಏನೇನು ನೋಡ್ಬೇಕು?

ಎಲ್ರಿಗೂ ನಮಸ್ಕಾರ. 4 ಇಂಚ್ ಬ್ಯಾರೆಲ್‌ನ .357 ಮ್ಯಾಗ್ನಮ್ ರಿವಾಲ್ವರ್ ಹೊಸದಾಗಿ ತಗೊಂಡಿದೀನಿ, ಮನೆ ರಕ್ಷಣೆಗೂ ಆಗ್ಬೇಕು, ಕಾಡಿನ ಕಡೆ ಕ್ಯಾಂಪಿಂಗ್ ಹೋದಾಗ್ಲೂ ಜೊತೇಲಿರ್ಬೇಕು ಅಂತ. ಇದ್ರಲ್ಲಿ .38 ಸ್ಪೆಷಲ್ ಕೂಡ ಹಾರಿಸ್ಬಹುದಲ್ಲ, ಕಿಕ್ ಕಮ್ಮಿ ಅಂತ ರೇಂಜಲ್ಲಿ ಜಾಸ್ತಿ ಅದನ್ನೇ ಹೊಡೀತಿದೀನಿ. ಆದ್ರೆ ಅದಾದ್ಮೇಲೆ .357 ಹಾಕಿದ್ರೆ ಪೂರ್ತಿ ಒಳಗೆ ಕೂರಲ್ಲ, ಹೆಬ್ಬೆರಳಲ್ಲಿ ಒತ್ತಬೇಕು. .38 ಕೇಸ್ (ತೋಟಾದ ಲೋಹದ ಕವಚ) ಗಿಡ್ಡ ಆಗಿರೋದ್ರಿಂದ ಚೇಂಬರ್‌ನಲ್ಲಿ, ಅಂದ್ರೆ ತೋಟಾ ಕೂರೋ ತೂತಲ್ಲಿ, ಅದರ ಬಾಯಿ ಮುಂದೆ ಮಸಿ ಉಂಗುರದ ಥರ ಕಟ್ಟತ್ತೆ ಅಂತ ಗೊತ್ತು, ಚೇಂಬರ್ ಬ್ರಷ್ ಹಾಕಿ ಉಜ್ಜಿದ್ರೆ ಸರಿಹೋಗತ್ತೆ, ಅದು ದೊಡ್ಡ ವಿಷಯ ಅಲ್ಲ.

ನಿಜವಾದ ಚಿಂತೆ ಬೇರೆ. ಡಬಲ್ ಆಕ್ಷನ್ನಲ್ಲಿ (ಟ್ರಿಗರ್ ಎಳೆದಾಗ್ಲೇ ಹ್ಯಾಮರ್ ಹಿಂದೆ ಹೋಗಿ ಬೀಳೋ ಥರ) ಹೊಡೀವಾಗ ಒಂದೊಂದ್ಸಲ ಟಕ್ ಅಂತ ಸದ್ದು ಮಾತ್ರ, ಗುಂಡು ಹಾರಲ್ಲ. ಸ್ವಲ್ಪ ಹೊತ್ತು ಬ್ಯಾರೆಲ್ ಟಾರ್ಗೆಟ್ ಕಡೆನೇ ಹಿಡಿದಿದ್ದು ಆಮೇಲೆ ತೆಗೆದು ನೋಡಿದ್ರೆ ಪ್ರೈಮರ್ (ತೋಟಾದ ಹಿಂಭಾಗದಲ್ಲಿ ಹ್ಯಾಮರ್ ಏಟಿಗೆ ಕಿಡಿ ಹೊತ್ತೋ ಭಾಗ) ಮೇಲೆ ತುಂಬಾ ತೆಳು ಗುರುತು. ಹ್ಯಾಮರ್ ಎಳೆದಿಟ್ಟು ಸಿಂಗಲ್ ಆಕ್ಷನ್ನಲ್ಲಿ ಹೊಡೆದ್ರೆ ಈ ತೊಂದ್ರೆ ಇಲ್ವೇ ಇಲ್ಲ. ಇದು ಹ್ಯಾಮರ್‌ಗೆ ಬಲ ಕೊಡೋ ಮೇನ್ ಸ್ಪ್ರಿಂಗ್ ವೀಕ್ ಇರೋದಾ, ಅದನ್ನ ಬಿಗಿಯಾಗಿಡೋ ಸ್ಟ್ರೇನ್ ಸ್ಕ್ರೂ ಸಡಿಲ ಆಗಿರೋದಾ, ಇಲ್ಲಾ ಪ್ರೈಮರ್ ಗಟ್ಟಿ ಇರೋ ಅಮ್ಯುನಿಷನ್ನಾ? ನಾನೇ ಬಿಚ್ಚೋದಾ ಗನ್‌ಸ್ಮಿತ್ ಹತ್ರ ಒಯ್ಯೋದಾ?

ಇನ್ನೊಂದು, ಮನೆಯೊಳಗೆ .357 ಸದ್ದು ಬೆಳಕು ಎರಡೂ ವಿಪರೀತ, ಗೋಡೆ ದಾಟೋ ಭಯ ಬೇರೆ (.38ಕ್ಕೂ ಆ ಭಯ ಇದ್ದೇ ಇದೆ). ಮನೇಲಿ .38 ಪ್ಲಸ್ ಪಿ (ಮಾಮೂಲಿ .38ಕ್ಕಿಂತ ಜಾಸ್ತಿ ಒತ್ತಡದ್ದು), ಹೊರಗೆ .357 ಅಂತ ಇಟ್ಕೊಂಡಿರೋರು ಇದ್ರೆ ದಯವಿಟ್ಟು ಹೇಳಿ, ಬುಲೆಟ್ ತೂಕ ಬದಲಾದ್ರೆ ಏಟು ಬೀಳೋ ಜಾಗನೂ ಮೇಲೆ ಕೆಳಗೆ ಆಗತ್ತಲ್ಲ, ಸೈಟ್ ಯಾವುದಕ್ಕೆ ಸೆಟ್ ಮಾಡಿದೀರ?